ಘಟ್ಟದ ದಾರಿ, ಪೆಟ್ರೋಲಿನ ಲೆಕ್ಕ

ಪ್ರವಾಸ ಹೊರಡುವವರು ಬುತ್ತಿಯನ್ನು ಮರೆಯಬಹುದು, ಛತ್ರಿಯನ್ನು ಮರೆಯಬಹುದು. ನನ್ನ ಶ್ರೀಮತಿ ಲೆಕ್ಕದ ಪುಸ್ತಕವನ್ನು ಮರೆಯುವವಳಲ್ಲ. ೨೦೨೫ರ ಡಿಸೆಂಬರಿನ ಒಂದು ಶನಿವಾರ ಬೆಳಗಿನ ಜಾವ ತಂದೆ, ತಾಯಿ, ತಂಗಿ, ಮಕ್ಕಳಿಬ್ಬರು ಮತ್ತು ನಾವಿಬ್ಬರು, ಹೀಗೆ ಏಳು ಮಂದಿ ಮೈಸೂರಿನಿಂದ ಸುಳ್ಯದ ಕಡೆಗೆ ಹೊರಟಾಗಲೂ ಆ ಪುಸ್ತಕ ಅವಳ ಮಡಿಲಲ್ಲಿತ್ತು. ಸುಳ್ಯದ ಸಮೀಪದ ಹಳ್ಳಿಯೊಂದು ನನ್ನ ತಾಯಿಯ ತವರು. ಅಲ್ಲಿ ನನ್ನ ಸೋದರಮಾವ ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ತಾಯಿ ತಮ್ಮ ಅಣ್ಣನ ಮುಖ ನೋಡಿ ಎರಡು ವರ್ಷಗಳಾಗಿದ್ದವು.

ಈ ಪಯಣಕ್ಕೆ ಇನ್ನೊಂದು ಉದ್ದೇಶವೂ ಇದ್ದಿತು. ಮೂರು ವರ್ಷಗಳ ಹಿಂದೆ ಆರೂವರೆ ಲಕ್ಷ ರೂಪಾಯಿಗೆ ಕೊಂಡ ನಮ್ಮ ಏಳು ಆಸನದ ಎರ್ಟಿಗಾ ಬಂಡಿಯನ್ನು ಇಟ್ಟುಕೊಳ್ಳಬೇಕೆ, ಮಾರಬೇಕೆ ಎಂಬ ಚರ್ಚೆ ಮನೆಯಲ್ಲಿ ನಡೆದಿತ್ತು. ಮನೆಮಂದಿಯೆಲ್ಲ ಅದನ್ನು 'ವ್ಯಾನು' ಎಂದೇ ಕರೆಯುತ್ತೇವೆ. ೧೯೮೪ರಲ್ಲಿ ಬಂದು ೨೦೧೯ರವರೆಗೆ ತಯಾರಾದ ಮಾರುತಿಯ ಆ ಪುಟ್ಟ ವ್ಯಾನು, ಮುಂದೆ ಓಮ್ನಿ ಎಂದು ಹೆಸರಾದದ್ದು, ೭೯೬ ಸಿ.ಸಿ.ಯ ಎಂಜಿನ್ನಿನಲ್ಲಿ ಎಷ್ಟೋ ಸಂಸಾರಗಳನ್ನು ಮದುವೆ ಮುಂಜಿಗಳಿಗೆ ಮುಟ್ಟಿಸಿತು. ಅದರ ಹೆಸರು ಅದರ ಉತ್ತರಾಧಿಕಾರಿಗಳಿಗೂ ಅಂಟಿಕೊಂಡಿದೆ.

"ಬಸ್ಸಿನಲ್ಲಿ ಹೋದರೆ ಎಷ್ಟಾಗುತ್ತದೆ, ಯೋಚಿಸಿದ್ದೀರೇನ್ರೀ?" ಎಂದಳು ಶ್ರೀಮತಿ, ಬಂಡಿ ಇಲವಾಲ ದಾಟುವ ಮೊದಲೇ. ೨೦೨೩ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಹಣ ಬೇಡ. ನಮ್ಮಲ್ಲಿ ನಾಲ್ವರು ಹೆಂಗಸರು. ಉಳಿದ ನಮಗೆ ಬೇಕಾದುದು ಎರಡೂವರೆ ಚೀಟಿ ಮಾತ್ರ! ಈ ಪ್ರಶ್ನೆಗೆ ಕನ್ನಡ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ. ಹಿಂದಿನ ಆಸನದಿಂದ ತಂದೆಯವರೇ ನನ್ನ ನೆರವಿಗೆ ಬಂದರು: "ಬಸ್ಸಿನ ಮೆಟ್ಟಿಲು ನಿಮ್ಮ ಅತ್ತೆಯ ಮಂಡಿಗೆ ಒಗ್ಗಬೇಕಲ್ಲಮ್ಮ."

ಹಿಂದಿನ ರಾತ್ರಿಯೇ ತೊಟ್ಟಿಯನ್ನು ಕಂಠಮಟ್ಟ ತುಂಬಿಸಿದ್ದೆ. ಮೀಟರಿನ ಅಂಕಿಯೂ ಪುಸ್ತಕದಲ್ಲಿ ದಾಖಲಾಗಿತ್ತು. ಮತ್ತೆ ತುಂಬಿಸುವಾಗ ಹಿಡಿದಷ್ಟು ಲೀಟರುಗಳಿಂದ ನಡೆದ ದೂರವನ್ನು ಭಾಗಿಸಿದರೆ ಮೈಲೇಜಿನ ನಿಜರೂಪ ತಿಳಿಯುತ್ತದೆ. ಜಾಹೀರಾತಿನ ಅಂಕಿ ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ಓಡಿಸಿ ಕಂಡುಕೊಂಡದ್ದು. ಅಲ್ಲಿ ಘಟ್ಟವಿಲ್ಲ, ದನಗಳಿಲ್ಲ, ಬಿಸಿಲಿಗೆ ಎ.ಸಿ. ಹಾಕೆನ್ನುವ ಮಕ್ಕಳೂ ಇಲ್ಲ.

ಹುಣಸೂರಿನಲ್ಲಿ ಕಾಫಿಯಾಯಿತು. ಪಿರಿಯಾಪಟ್ಟಣ ದಾಟಿ, ಬೈಲಕುಪ್ಪೆಯ ಟಿಬೆಟನ್ನರ ಬಣ್ಣದ ಪತಾಕೆಗಳನ್ನು ದೂರದಿಂದ ಕಂಡು, ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದಾಗ ಬಿಸಿಲೇರಿತ್ತು. ದಾರಿ ಚೆನ್ನಾಗಿದ್ದುದರಿಂದ ನನ್ನ ಕಾಲು ತಾನಾಗಿ ಭಾರವಾಗುತ್ತಿದ್ದಿತು. "ಎಪ್ಪತ್ತು," ಎಂದು ಶ್ರೀಮತಿ ಆಗಾಗ ಎಚ್ಚರಿಸುತ್ತಿದ್ದಳು. ಅವಳ ಮಾತು ವಿಜ್ಞಾನಕ್ಕೂ ಸಮ್ಮತವೇ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎಪ್ಪತ್ತರಿಂದ ನೂರಕ್ಕೆ ಏರಿದರೆ ಆ ತಡೆ ಇಮ್ಮಡಿಯಾಗುತ್ತದೆ. ಗಂಟು ಮೂಟೆಗಳನ್ನು ಮಾಡಿನ ಮೇಲೆ ಕಟ್ಟದೆ ಕಾಲಬುಡದಲ್ಲಿ ತುರುಕಿದ್ದುದಕ್ಕೂ, ಹೊರಡುವ ಮೊದಲು ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿದ್ದುದಕ್ಕೂ ಇಂಧನದ ಉಳಿತಾಯವೇ ಕಾರಣ.

ಮಡಿಕೇರಿಯ ಮಂಜನ್ನು ಹಿಂದೆ ಬಿಟ್ಟು ಸಂಪಾಜೆಯ ಘಟ್ಟ ಇಳಿಯತೊಡಗಿದೆವು. ಒಂದು ಕಡೆ ಕಾಡು ತುಂಬಿದ ಗೋಡೆ, ಇನ್ನೊಂದು ಕಡೆ ಹಸುರಿನ ಪಾತಾಳ. ಜೋಡುಪಾಲದ ಬಳಿ ಎಲ್ಲರೂ ಮೌನವಾದೆವು. ೨೦೧೮ರ ಆಗಸ್ಟಿನಲ್ಲಿ ಈ ಬೆಟ್ಟಗಳೇ ಕುಸಿದು ಮನೆಗಳನ್ನು ನುಂಗಿದ್ದವು; ಈ ದಾರಿಯೂ ಮುಚ್ಚಿಹೋಗಿದ್ದಿತು.

"ಇಲ್ಲಿ ಎಂಜಿನ್ ನಿಲ್ಲಿಸಿಬಿಡಪ್ಪ, ಗಾಡಿ ತಾನೇ ಉರುಳುತ್ತದೆ, ನಮ್ಮ ಕಾಲದ ಡ್ರೈವರುಗಳು ಹಾಗೆಯೇ ಪೆಟ್ರೋಲ್ ಉಳಿಸುತ್ತಿದ್ದರು," ಎಂದರು ತಂದೆ. ಓದುಗರು ಈ ಉಪಾಯವನ್ನು ಎಂದಿಗೂ ಅನುಸರಿಸಬಾರದು. ಎಂಜಿನ್ ನಿಂತರೆ ಬ್ರೇಕಿಗೂ ಸ್ಟೀರಿಂಗಿಗೂ ದೊರೆಯುವ ಸಹಾಯ ತಪ್ಪಿಹೋಗುತ್ತದೆ. ಇಂದಿನ ಬಂಡಿಗಳಲ್ಲಿ ಅದರಿಂದ ಉಳಿಯುವುದೂ ಏನಿಲ್ಲ. ಗೇರಿನಲ್ಲಿರುವಾಗ ವೇಗವರ್ಧಕದಿಂದ ಕಾಲು ತೆಗೆದರೆ ಎಂಜಿನ್ನಿಗೆ ಹೋಗುವ ಪೆಟ್ರೋಲು ತಾನೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಿ ಉರುಳಿಸಿದರೇ ಎಂಜಿನ್ ಉಸಿರಾಡಲು ಒಂದಿಷ್ಟು ಇಂಧನ ಬೇಡುತ್ತದೆ. ಕೆಳಗಿನ ಗೇರಿನಲ್ಲಿ ಮೆಲ್ಲನೆ ಇಳಿದೆ. ತಂದೆ ಒಪ್ಪಲಿಲ್ಲವಾದರೂ ಸುಮ್ಮನಾದರು.

ಸುಳ್ಯದಲ್ಲಿ ತೊಟ್ಟಿ ತುಂಬಿಸಿದಾಗ ನಡೆದದ್ದು ೧೭೦ ಕಿಲೋಮೀಟರು, ಹಿಡಿದದ್ದು ೯.೪ ಲೀಟರು. ಲೀಟರಿಗೆ ಹದಿನೆಂಟು! ನಾನು ಗೆದ್ದವನಂತೆ ನಕ್ಕೆ. "ಇಳಿದ ಬೆಟ್ಟವನ್ನು ಏರಬೇಕಲ್ಲ," ಎಂದು ಶ್ರೀಮತಿ ಪುಸ್ತಕ ಮುಚ್ಚಿದಳು.

ಹೆದ್ದಾರಿಯಿಂದ ಮಾವನ ಮನೆಗೆ ಅಡಕೆ ತೋಟಗಳ ನಡುವೆ ಎರಡು ಕಿಲೋಮೀಟರಿನ ಮಣ್ಣುದಾರಿ. ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಬಂಡಿ ಅಂಗಳದಲ್ಲೇ ನಿಂತಿತು. ತಾಯಿ ಹತ್ತು ಹೆಜ್ಜೆ ನಡೆದು ಅಣ್ಣನ ಮಂಚದ ಪಕ್ಕದಲ್ಲಿ ಕುಳಿತರು. ಇಬ್ಬರೂ ಅಳಲಿಲ್ಲ. ಅಡಕೆಯ ಧಾರಣೆ, ಹಳದಿ ರೋಗ, ಎಂದೋ ಸತ್ತ ಹಸುವಿನ ಹಾಲು, ಇವೇ ಮಾತು. ರಾತ್ರಿ ಹನ್ನೊಂದಾದರೂ ಆ ಕೋಣೆಯ ದೀಪ ಆರಲಿಲ್ಲ.

ಮರುದಿನ ಹಿಂದಿರುಗುವಾಗ ಘಟ್ಟ ತನ್ನ ಸುಂಕವನ್ನು ವಸೂಲು ಮಾಡಿತು. ಸುಳ್ಯದಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರಿನ ಏರಿಕೆ. ಜನ, ಸಾಮಾನು, ಬಂಡಿ ಎಲ್ಲ ಸೇರಿ ಒಂದೂವರೆ ಟನ್ನಿಗೂ ಮೀರಿದ ಭಾರವನ್ನು ಅಷ್ಟೆತ್ತರಕ್ಕೆ ಎತ್ತಲೆಂದೇ ಹತ್ತಿರಹತ್ತಿರ ಎರಡು ಲೀಟರು ಬೇಕೆಂದು ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಆಮೇಲೆ ಲೆಕ್ಕ ಹಾಕಿ ತೋರಿಸಿದರು. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ವ್ಯರ್ಥವಾಗುತ್ತದಂತೆ. ಮೈಸೂರಿನಲ್ಲಿ ತುಂಬಿಸಿದಾಗ ಹಿಡಿದದ್ದು ೧೧.೬ ಲೀಟರು. ಹೋಗಿ ಬಂದ ೩೪೦ ಕಿಲೋಮೀಟರಿಗೆ ೨೧ ಲೀಟರು, ಸರಾಸರಿ ಹದಿನಾರು. ಲೀಟರಿಗೆ ೧೦೩ ರೂಪಾಯಿಯಂತೆ ೨,೧೬೩ ರೂಪಾಯಿ, ತಲೆಗೆ ೩೦೯.

"ಇಷ್ಟೇ ತಾನೆ!" ಎಂದೆ. ಆಗ ಶ್ರೀಮತಿ ಪುಸ್ತಕದ ಹಿಂದಿನ ಪುಟಗಳನ್ನು ತೆರೆದಳು. ವಿಮೆ ವರ್ಷಕ್ಕೆ ೧೮,೦೦೦, ಸರ್ವೀಸು ೯,೦೦೦, ಟೈರುಗಳ ಸವಕಳಿ ೪,೪೦೦. ಇಂದು ಮಾರಿದರೆ ಐದು ಲಕ್ಷ ಬರಬಹುದು, ಎಂದರೆ ವರ್ಷಕ್ಕೆ ೫೦,೦೦೦ ರೂಪಾಯಿ ನಿಂತಲ್ಲೇ ಕರಗಿದೆ. ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆಯನ್ನು ಕೊಳ್ಳುವಾಗಲೇ ಜೀವಿತಾವಧಿಗೆ ಕಟ್ಟುವುದರಿಂದ ಅದೊಂದು ಈ ಪಟ್ಟಿಯಲ್ಲಿ ಇಲ್ಲ. ಒಟ್ಟು ೮೧,೪೦೦. ನಾವು ಬಂಕಿನಲ್ಲಿ ನಿಂತು ನಿಟ್ಟುಸಿರಿಡುವುದು ಪೆಟ್ರೋಲಿಗೆ. ಅದಕ್ಕಿಂತ ದೊಡ್ಡ ಖರ್ಚು ಸದ್ದಿಲ್ಲದೆ ಮನೆಯ ಮುಂದೆ ನಿಂತಿರುತ್ತದೆ.

ಪೆಟ್ರೋಲಿನ ಪುಟ ನನಗೆ ಇನ್ನೂ ಕಹಿಯಾಗಿದ್ದಿತು. ಸಂಸಾರ ಸಮೇತ ಓಡಾಡಿದ್ದು ವರ್ಷಕ್ಕೆ ೩,೨೦೦ ಕಿಲೋಮೀಟರು. ಇಂಧನ ೨೦೦ ಲೀಟರು, ಹಣ ೨೦,೬೦೦. ನಾನೊಬ್ಬನೇ ಕಾಲೇಜಿಗೆ ಹೋಗಿಬಂದದ್ದು ೪,೮೪೦ ಕಿಲೋಮೀಟರು. ನಗರದ ಸಿಗ್ನಲುಗಳಲ್ಲಿ ಲೀಟರಿಗೆ ಹನ್ನೊಂದೇ ಸಿಕ್ಕುವುದರಿಂದ ಅದಕ್ಕೆ ೪೪೦ ಲೀಟರು, ೪೫,೩೨೦ ರೂಪಾಯಿ. ಏಳು ಜನರ ಬಂಡಿಯಲ್ಲಿ ಆರು ಖಾಲಿ ಆಸನಗಳನ್ನು ದಿನವೂ ಮೆರವಣಿಗೆ ಮಾಡಿಸಿದವನು ನಾನೇ! ತಪ್ಪು ಎಂಜಿನ್ನಿನದಾಗಿರಲಿಲ್ಲ.

"ಹಾಗಾದರೆ ಮಾರಿಬಿಡೋಣ," ಎಂದೆ, ಸೋಲನ್ನೊಪ್ಪಿ. ವರ್ಷಕ್ಕೆ ಎಂಟು ಹತ್ತು ಸಲ ಬಾಡಿಗೆ ಬಂಡಿ ಹಿಡಿದರೂ ಇದಕ್ಕಿಂತ ಅಗ್ಗವೆಂಬುದು ಆ ಪುಸ್ತಕದಿಂದಲೇ ಸ್ಪಷ್ಟವಾಗಿದ್ದಿತು. ಶ್ರೀಮತಿ ತುಸು ಹೊತ್ತು ಮಾತನಾಡಲಿಲ್ಲ. ಒಳಗೆ ತಾಯಿ ತವರಿನಿಂದ ತಂದ ಅಡಕೆಯನ್ನು ಡಬ್ಬಿಗೆ ತುಂಬುತ್ತಿದ್ದರು.

"ಬಾಡಿಗೆ ಗಾಡಿಯಾದರೆ ಅತ್ತೆ ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ," ಎಂದಳು ಕೊನೆಗೆ. "ದುಡ್ಡು ದಂಡವೆಂದು ಎರಡು ವರ್ಷ ಸುಮ್ಮನಿದ್ದರಲ್ಲ! ಇನ್ನೊಂದು ವರ್ಷ ಇರಲಿ. ನೀವು ಮಾತ್ರ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ."

ಹೀಗಾಗಿ ಈಗ ಬೆಳಗ್ಗೆ ಎಂಟು ಗಂಟೆಗೆ ನಾನು ನಗರ ಸಾರಿಗೆಯ ಬಸ್ಸಿಗಾಗಿ ಕಾದು ನಿಲ್ಲುತ್ತೇನೆ. ಶಿವರಾತ್ರಿಗೆ ಮತ್ತೆ ಸುಳ್ಯಕ್ಕೆ ಹೋಗಬಹುದೇ ಎಂದು ತಾಯಿ ಮೊನ್ನೆ ತಾವಾಗಿಯೇ ಕೇಳಿದರು. ಶ್ರೀಮತಿ ಪುಸ್ತಕ ತೆರೆದು ೨೧ ಲೀಟರು ಎಂದು ಮೊದಲೇ ಬರೆದಿಟ್ಟಳು.