ಮಹಡಿಯ ಗಣಕ, ಪಡಸಾಲೆಯ ಮುದ್ರಕ

ಗಣಕಯಂತ್ರವನ್ನೂ ಮುದ್ರಕವನ್ನೂ ಕೂಡಿಸುವ ಯುಎಸ್‌ಬಿ ತಂತಿಗೆ ಒಂದು ಮೇರೆಯುಂಟು. ಅದು 5 ಮೀಟರು, ಅಂದರೆ ಹದಿನಾರೂವರೆ ಅಡಿಗೆ ತುಸು ಕಡಿಮೆ. ಇಷ್ಟು ಸಣ್ಣ ಸಂಗತಿ ಮಠದ ಪತ್ರಿಕೆಯಲ್ಲೇಕೆಂದು ತಾವು ಕೇಳಬಹುದು. ಚಿಕ್ಕನರಗುಂದದ ತರುಣನೊಬ್ಬನ ಕಾಲಿಗೆ ಸಂಬಂಧಿಸಿದ ಮಾತಾದ್ದರಿಂದ ಬರೆಯುತ್ತಿದ್ದೇವೆ.

ಊರವರ ಪಹಣಿ, ವೃದ್ಧಾಪ್ಯ ವೇತನದ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನದ ಕಾಗದಗಳನ್ನು ಮಾಡಿಕೊಡುವವನು ಆತ. ಬಾಲ್ಯದಿಂದಲೇ ಒಂದು ಕಾಲು ಸೊರಗಿದೆ. ಮನೆಯಾದರೋ ಎರೆಸೀಮೆಯ ಹಳೆಯ ಮಣ್ಣಿನ ಮನೆ. ಗೋಡೆ ಎರಡು ಮೊಳ ದಪ್ಪ. ಮೊಬೈಲಿನ ಸಂಪರ್ಕ ಮಹಡಿಯ ಕೋಣೆಯಲ್ಲಲ್ಲದೆ ಸಿಗದಾದ್ದರಿಂದ ಗಣಕ ಅಲ್ಲಿದೆ. ಬರುವ ಮುದುಕರು ಮೆಟ್ಟಿಲೇರಲಾರರು. ಬೆಳಿಗ್ಗೆ ಪಡಸಾಲೆಯಲ್ಲಿ ಎಲ್ಲರ ವಿವರ ಬರೆದುಕೊಂಡು ಆತ ಮೇಲೇರುತ್ತಿದ್ದ. ಅನಂತರ ಮುದ್ರಿತವಾದ ಒಂದೊಂದು ಅರ್ಜಿಗೂ ಹದಿನಾಲ್ಕು ಮೆಟ್ಟಿಲು ಇಳಿದು ಮತ್ತೆ ಏರಬೇಕು. ಮುದ್ರಕವನ್ನೇ ಕೆಳಗಿರಿಸೋಣವೆಂದರೆ ತಂತಿಯ ದಾರಿ ನಲವತ್ತು ಅಡಿ!

ಊರ ಹುಡುಗರು ಉದ್ದದ ತಂತಿಯನ್ನೇ ತಂದು ಎಳೆದರು. ಮುದ್ರಕ ಒಮ್ಮೆ ಕಾಣಿಸಿಕೊಂಡು ಒಮ್ಮೆ ಮಾಯವಾಯಿತು; ಅಜ್ಜಿಯೊಬ್ಬರ ಅರ್ಜಿ ಅರ್ಧಕ್ಕೇ ನಿಂತಿತು. ಇದರ ಕಾರಣ ಸ್ವಾರಸ್ಯವಾದುದು. ಗಣಕ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಅತ್ಯಲ್ಪ ಕಾಲ ಮಾತ್ರ ಕಾಯುತ್ತದೆ. ಒಂದು ತಂತಿ ಮಾಡಬಹುದಾದ ವಿಳಂಬ 26 ನ್ಯಾನೋ ಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ 26 ಪಾಲು ಮಾತ್ರ. ತಂತಿ ಉದ್ದವಾದಂತೆ ಉತ್ತರ ತಡವಾಗುತ್ತದೆ, ಸಂಕೇತವೂ ಬಡವಾಗುತ್ತದೆ. ಇದನ್ನು ದೋಷವೆನ್ನಲಾಗದು. 1996ರಲ್ಲಿ ಮೊದಲ ನಿಯಮಾವಳಿ ಹೊರಬಂದಾಗ ಮೇಜಿನ ಮೇಲಿನ ಸಲಕರಣೆಗಳೇ ಕರ್ತರ ಕಣ್ಣಮುಂದಿದ್ದವು. ಅವರಲ್ಲಿ ಪ್ರಮುಖರಾದ ಇಂಟೆಲ್ ಸಂಸ್ಥೆಯ ಅಜಯ್ ಭಟ್ಟರು ಬರೋಡೆಯ ವಿಶ್ವವಿದ್ಯಾಲಯದಲ್ಲಿ ಕಲಿತವರೆಂಬುದು ನಮಗೆ ಅಭಿಮಾನದ ಸಂಗತಿ.

ನಡುನಡುವೆ ಹಬ್ ಎಂಬ ಪೆಟ್ಟಿಗೆಗಳನ್ನಿರಿಸಿ ಸಂಕೇತವನ್ನು ಹೊಸದಾಗಿಸುತ್ತ ಹೋಗಬಹುದು. ಐದು ಹಬ್ಬು, ಆರು ತಂತಿ, 30 ಮೀಟರಿಗೆ ಅಲ್ಲಿಯೂ ಎಲ್ಲೆ. ನಿಸ್ತಂತು ಮುದ್ರಕ ಕೊಳ್ಳಬಾರದೇ ಎಂದವರೂ ಇದ್ದರು. ದಪ್ಪ ಮಣ್ಣಿನ ಗೋಡೆ ಅಲೆಗಳನ್ನು ನುಂಗುತ್ತದೆ; ಮೇಲಾಗಿ, ಚೆನ್ನಾಗಿ ದುಡಿಯುವ ಯಂತ್ರವನ್ನು ಬಿಸಾಡುವುದು ನಮಗೆ ಸರಿದೋರಲಿಲ್ಲ.

ಕಡೆಗೆ ಪ್ರಿಂಟ್ ಸರ್ವರ್ ಎಂಬ ಅಂಗೈಯಗಲದ ಪೆಟ್ಟಿಗೆಯೊಂದನ್ನು ತರಿಸಿದೆವು. ಅದನ್ನು ಪಡಸಾಲೆಯಲ್ಲಿ ಮುದ್ರಕದ ಪಕ್ಕದಲ್ಲಿಟ್ಟು ಗಿಡ್ಡ ಯುಎಸ್‌ಬಿ ತಂತಿಯಿಂದ ಕೂಡಿಸಿ, ಅಲ್ಲಿಂದ ಮಹಡಿಗೆ ಈಥರ್ನೆಟ್ ತಂತಿ ಎಳೆಯಲಾಯಿತು. ಈ ತಂತಿ 100 ಮೀಟರಿನವರೆಗೆ ನಡೆಯುತ್ತದೆ. ಬೇರೆ ಬೇರೆ ಕಟ್ಟಡಗಳ ನಡುವೆ ಎಳೆಯುವವರು ಮಾತ್ರ ತಾಮ್ರವನ್ನು ಬಿಟ್ಟು ಗಾಜಿನ ಎಳೆಯ ತಂತಿಯನ್ನೇ ಬಳಸುವುದು ಲೇಸು. ಸಿಡಿಲಿನ ಪೆಟ್ಟು ತಾಮ್ರದಗುಂಟ ಒಳಬಂದೀತು.

ಈಗ ಆತ ಮೇಲೆ ಗುಂಡಿ ಒತ್ತುತ್ತಾನೆ, ಕೆಳಗೆ ಅರ್ಜಿ ಹೊರಬೀಳುತ್ತದೆ. ಹಾಳೆ ಮುಗಿದಾಗ ಅಜ್ಜಿಯರೇ ಕಟ್ಟು ಬಿಚ್ಚಿ ತುಂಬಿ, "ಹಾಕೇವಪಾ, ಒತ್ತು" ಎಂದು ಕೂಗುತ್ತಾರೆ.