ಹದಿನಾಲ್ಕು ಮಂತ್ರ, ಎಂಟೇ ಜಾಗ

ಭಾನುವಾರ ರಾತ್ರಿ ಕೊನೆಯ ಸುದ್ದಿಯನ್ನು ಡೆಸ್ಕಿಗೆ ಕಳಿಸಿದ ಮೇಲೆ ನಾವು ಐದು ಜನ ವಾಟ್ಸಾಪ್ ಕಾಲ್‌ನಲ್ಲಿ ಸೇರುತ್ತೇವೆ. ಐವರೂ ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವರು. ಈಗ ಬೇರೆ ಬೇರೆ ತಾಲ್ಲೂಕಿನಲ್ಲಿ ಸುದ್ದಿಗಿಷ್ಟು ಅಂತ ದುಡಿಯುವ ಸ್ಟ್ರಿಂಗರ್‌ಗಳು. ಸೇರಿದ ಮೇಲೆ ರಾಜಕೀಯ ಮಾತಾಡುವುದಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟ ಆಡುತ್ತೇವೆ. ಮನೆಯವರು ನಗುತ್ತಾರೆ. ನಗಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಆಟ ಅಮೆರಿಕದಲ್ಲಿ 1974ರಲ್ಲಿ ಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ನಮ್ಮಲ್ಲಿ ಒಬ್ಬ ಯೋಧ, ಒಬ್ಬ ಪೂಜಾರಿ, ಒಬ್ಬ ಮಾಂತ್ರಿಕ, ಒಬ್ಬಳು ಕಳ್ಳಿ. ‘ಬಾಗಿಲು ಒಡೀತೀನಿ’ ಅಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಾಗಿಲು ಒಡೆಯಿತೋ ಕೈ ಮುರಿಯಿತೋ ಅನ್ನುವುದನ್ನು ದಾಳ ಹೇಳುತ್ತದೆ.

ಇದರಲ್ಲಿ ಎಲ್ಲರಿಗಿಂತ ತಲೆನೋವು ಮಾಂತ್ರಿಕನ ಕೆಲಸ. ಅವನು ಬೇಕೆಂದಾಗ ಬೇಕಾದ ಮಂತ್ರ ಹಾಕುವಂತಿಲ್ಲ. ಎಂಟು ಗಂಟೆ ವಿಶ್ರಾಂತಿ ಪಡೆದು, ಬೆಳಿಗ್ಗೆ ತನ್ನ ಮಂತ್ರದ ಪುಸ್ತಕ ತೆರೆದು, ಇವತ್ತಿಗೆ ಯಾವುವು ಬೇಕು ಅಂತ ಆರಿಸಿಕೊಳ್ಳಬೇಕು. ಜ್ಯಾಕ್ ವ್ಯಾನ್ಸ್ ಎಂಬ ಲೇಖಕರು 1950ರಲ್ಲಿ ತಂದ ‘ದಿ ಡೈಯಿಂಗ್ ಅರ್ತ್’ ಪುಸ್ತಕದಲ್ಲಿ ಮಾಂತ್ರಿಕರು ಮಂತ್ರ ಬಾಯಿಪಾಠ ಮಾಡುತ್ತಾರೆ, ಒಮ್ಮೆ ಹೇಳಿದರೆ ಅದು ತಲೆಯಿಂದ ಅಳಿಸಿಹೋಗುತ್ತದೆ. ಆಟಕ್ಕೆ ಈ ಪದ್ಧತಿ ಬಂದದ್ದು ಅಲ್ಲಿಂದ.

ನಾವು ಆಡುವುದು 2014ರ ನಿಯಮ. ಅದು ಸ್ವಲ್ಪ ಸಡಿಲ. ಇವತ್ತಿನ ಪಟ್ಟಿ ಬೇರೆ, ಮಂತ್ರ ಹಾಕುವ ಶಕ್ತಿ ಬೇರೆ. ಆ ಶಕ್ತಿಗೆ ಸ್ಲಾಟ್ ಅನ್ನುತ್ತಾರೆ. ಪಟ್ಟಿ ಅಂದರೆ ಇವತ್ತು ಏನೇನು ಅಡುಗೆ ಮಾಡಬಹುದು ಅನ್ನೋದು, ಸ್ಲಾಟ್ ಅಂದರೆ ಸೌದೆ. ಸೌದೆ ಇರುವಷ್ಟು ಹೊತ್ತು ಒಂದೇ ಅಡುಗೆಯನ್ನು ಎರಡು ಸಲವೂ ಮಾಡಬಹುದು. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡುವಂತಿಲ್ಲ.

ನಮ್ಮ ಮಾಂತ್ರಿಕ ಐದನೇ ಹಂತದವನು, ಬುದ್ಧಿಯ ಅಂಕ ಮೂರು. ಎರಡೂ ಕೂಡಿದರೆ ಎಂಟು. ಪುಸ್ತಕದಲ್ಲಿ ಹದಿನಾಲ್ಕು ಮಂತ್ರ ಇವೆ, ಪಟ್ಟಿಯಲ್ಲಿ ಎಂಟಕ್ಕೇ ಜಾಗ. ಆರು ಪುಸ್ತಕದಲ್ಲೇ ಉಳಿಯಬೇಕು.

ಆ ಪಟ್ಟಿಯನ್ನು ನಾವು ಮಧ್ಯಾಹ್ನವೇ ಗ್ರೂಪಿನಲ್ಲಿ ಕೂತು ಮಾಡುತ್ತಿದ್ದೆವು. ಕಳೆದ ಮಳೆಗಾಲದ ಒಂದು ಭಾನುವಾರವೂ ಹಾಗೇ ಮಾಡಿದೆವು. ಹಿಂದಿನ ವಾರ ಸೋತ ಸಿಟ್ಟು ಇತ್ತು. ಫೈರ್‌ಬಾಲ್ ಹಾಕಿದೆವು, ಬೆಂಕಿಯದ್ದೇ ಇನ್ನೊಂದು ಸೇರಿಸಿದೆವು. ಶತ್ರುವಿನ ಮಂತ್ರ ತಡೆಯುವುದು ಒಂದು, ಮೈ ಕಾಯುವುದು ಎರಡು. ಮಾಯೆ ಪತ್ತೆಹಚ್ಚುವ ಡಿಟೆಕ್ಟ್ ಮ್ಯಾಜಿಕ್ ಇರಲಿ ಅಂದರು. ಪರಭಾಷೆ ತಿಳಿಯುವ ಮಂತ್ರವೂ ಇರಲಿ ಅಂದರು. ಏಳಾಯಿತು. ಎಂಟನೆಯದಕ್ಕೆ ಫೆದರ್ ಫಾಲ್ ಇತ್ತು. ಬೀಳುವವರನ್ನು ಗರಿಯಂತೆ ಮೆಲ್ಲಗೆ ಇಳಿಸುವ ಸಣ್ಣ ಮಂತ್ರ. ‘ತಿಂಗಳಿಂದ ಹೊತ್ಕೊಂಡು ತಿರುಗ್ತಿದೀವಿ, ಒಮ್ಮೆನೂ ಬೇಕಾಗಿಲ್ಲ’ ಅಂತ ತೆಗೆದು ಮ್ಯಾಜಿಕ್ ಮಿಸೈಲ್ ಹಾಕಿದೆವು. ಕಳ್ಳಿಯ ಪಾತ್ರದ ಗೆಳತಿ ಆ ಹೊತ್ತಿಗೆ ಗ್ರೂಪಿನಲ್ಲಿ ಇರಲಿಲ್ಲ. ನಾವು ಕಾಯಲೂ ಇಲ್ಲ.

ರಾತ್ರಿ ಆಟದಲ್ಲಿ ಪಾಳು ಗೋಪುರ ಹತ್ತಿದೆವು. ಕಿಟಕಿಯಿಂದ ಹಗ್ಗ ಬಿಟ್ಟು ಕಳ್ಳಿ ಇಳಿಯಬೇಕು. ‘ನೀವೆಲ್ಲ ಮೇಲಿದ್ದೀರಲ್ಲ, ಇಳೀತೀನಿ’ ಅಂದಳು. ಹತ್ತಡಿ ಇಳಿಯುವುದರಲ್ಲಿ ಹಗ್ಗ ತುಂಡಾಯಿತು. ಕೆಳಗೆ ಎಂಬತ್ತು ಅಡಿ. ಹತ್ತು ಅಡಿಗೊಂದರಂತೆ ಎಂಟು ದಾಳದ ಪೆಟ್ಟು. ‘ಫೆದರ್ ಫಾಲ್ ಹಾಕಿ’ ಅಂದಳು. ಯಾರೂ ಮಾತಾಡಲಿಲ್ಲ. ಪೂಜಾರಿ ದೂರದಿಂದ ಹಾಕುವ ಚಿಕಿತ್ಸೆಯ ಮಂತ್ರ ಅರವತ್ತು ಅಡಿಯಾಚೆ ಮುಟ್ಟುವುದಿಲ್ಲ. ಕೆಳಗೆ ಹೆಣ ತಿನ್ನುವ ಪಿಶಾಚಿಗಳಿದ್ದವು. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಕಥೆ ಮುಗಿದಿತ್ತು. ಸತ್ತು ಒಂದು ನಿಮಿಷದೊಳಗೆ ಎಬ್ಬಿಸುವ ಮಂತ್ರ ಆಟದಲ್ಲಿದೆ. ಅದಕ್ಕೆ ಮುನ್ನೂರು ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ನಮ್ಮ ಹತ್ತಿರ ವಜ್ರ ಇರಲಿಲ್ಲ.

‘ಆಯ್ತು ಬಿಡಿ’ ಅಂದು ಅವಳು ಕಾಲ್ ಇಟ್ಟಳು.

ಮಾರನೇ ದಿನ ನಾಚಿಕೆಗೆ ನಿಯಮ ಓದಿದೆವು. ಅಲ್ಲಿತ್ತು ನೋಡಿ. ಕೆಲವು ಮಂತ್ರಗಳ ಮುಂದೆ ‘ರಿಚುಯಲ್’ ಅಂತ ಬರೆದಿರುತ್ತದೆ. ಅಂಥವನ್ನು ಮಾಂತ್ರಿಕ ಪಟ್ಟಿಗೆ ಹಾಕದೆ, ಪುಸ್ತಕ ನೋಡಿಕೊಂಡೇ, ಹತ್ತು ನಿಮಿಷ ಹೆಚ್ಚು ಹಿಡಿದರೂ ಸ್ಲಾಟ್ ಖರ್ಚಿಲ್ಲದೆ ಮಾಡಬಹುದು. ಡಿಟೆಕ್ಟ್ ಮ್ಯಾಜಿಕ್ ಅಂಥದ್ದು. ಪರಭಾಷೆಯ ಮಂತ್ರವೂ ಅಂಥದ್ದೇ. ಎಂಟು ಜಾಗದಲ್ಲಿ ಎರಡನ್ನು ನಾವು ಸುಮ್ಮನೆ ಕಳೆದಿದ್ದೆವು. ಇನ್ನೊಬ್ಬರ ವರದಿಯಲ್ಲಿ ತಪ್ಪು ಹುಡುಕುವ ನಾವು ನಮ್ಮ ಪುಸ್ತಕವನ್ನೇ ಸರಿಯಾಗಿ ಓದಿರಲಿಲ್ಲ.

ಮೂರು ಭಾನುವಾರ ಗೆಳತಿ ಬರಲಿಲ್ಲ. ಕಳ್ಳಿ ಸತ್ತ ಬೇಜಾರು ಅಂದುಕೊಂಡೆವು. ನಾಲ್ಕನೇ ವಾರ ನಮ್ಮಲ್ಲಿ ಇಬ್ಬರು ಬೈಕ್ ಹಾಕಿಕೊಂಡು ಅವಳ ಊರಿಗೆ ಹೋದರು. ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಹೇಳಿದರು: ತಾಯಿ ತಿಂಗಳಿಂದ ಆಸ್ಪತ್ರೆಯಲ್ಲಿದ್ದಾರೆ. ಆ ರಾತ್ರಿ ಅವಳು ಆಡಿದ್ದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು. ವಾರದಲ್ಲಿ ಅವಳಿಗೆ ಅಂತ ಇದ್ದದ್ದು ಆ ಎರಡು ಗಂಟೆ ಮಾತ್ರ.

ಆಸ್ಪತ್ರೆಯಲ್ಲಿ ಸಿಕ್ಕಾಗ ಅವಳು ಹೇಳಿದ್ದು ಇಷ್ಟು: ‘ಸತ್ತಿದ್ದಕ್ಕೆ ಏನಿಲ್ಲ. ಗೋಪುರ ಹತ್ತೋಳು ನಾನು ಅಂತ ನಿಮಗೆ ಗೊತ್ತಿತ್ತು. ಪಟ್ಟಿ ಮಾಡುವಾಗ ಒಂದು ಫೋನ್ ಮಾಡಿದ್ದರೆ ಅವತ್ತೇ ಅಮ್ಮನ ವಿಷಯನೂ ಹೇಳಿರ್ತಿದ್ದೆ.’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ವಾರದಿಂದ ರಾತ್ರಿ ಆಸ್ಪತ್ರೆಯಲ್ಲಿ ಇರುವುದನ್ನು ಪಾಳಿ ಹಂಚಿಕೊಂಡೆವು. ತಾಯಿ ಈಗ ಮನೆಯಲ್ಲಿದ್ದಾರೆ, ಊಟ ಮಾಡುತ್ತಾರೆ, ನಮಗೆ ಬೈಯುತ್ತಾರೆ.

ಮಂತ್ರದ ಪಟ್ಟಿ ಮಾಡುವ ರೀತಿಯೂ ಬದಲಾಯಿತು. ರಿಚುಯಲ್ ಮಂತ್ರಗಳನ್ನು ಮೊದಲೇ ಪಕ್ಕಕ್ಕಿಡುತ್ತೇವೆ, ಅವಕ್ಕೆ ಜಾಗ ಕೊಡುವುದಿಲ್ಲ. ಏಕಾಗ್ರತೆ ಬೇಡುವ ಮಂತ್ರ ಒಂದು ಹೊತ್ತಿಗೆ ಒಂದೇ ನಡೆಯುತ್ತದೆ, ಅದಕ್ಕೆ ಅಂಥವು ಎರಡಕ್ಕಿಂತ ಹೆಚ್ಚು ಬೇಡ. ಗುಂಪಿಗೆ ಹೊಡೆಯಲು ಒಂದು, ಒಬ್ಬನಿಗೆ ಹೊಡೆಯಲು ಒಂದು, ತಪ್ಪಿಸಿಕೊಳ್ಳಲು ಒಂದು. ಜೊತೆಯವರನ್ನು ಉಳಿಸಲು ಒಂದು ಇರಲೇಬೇಕು, ತಿಂಗಳುಗಟ್ಟಲೆ ಉಪಯೋಗಕ್ಕೆ ಬರದಿದ್ದರೂ ಸರಿ. ಮಿಕ್ಕ ಜಾಗ ತುಂಬುವ ಮೊದಲು ಐದು ಜನಕ್ಕೂ ಫೋನ್ ಹೋಗುತ್ತದೆ: ಇವತ್ತು ನೀನು ಏನು ಮಾಡೋಳು, ನಿನಗೆ ಏನು ಬೇಕು? ಹತ್ತು ನಿಮಿಷದ ಆ ಫೋನಿನಲ್ಲಿ ಆಟದ ಮಾತು ಎರಡೇ ನಿಮಿಷ. ಉಳಿದದ್ದು ಮನೆಯ ಸಮಾಚಾರ.

ಗೆಳತಿ ಹೊಸ ಪಾತ್ರ ಮಾಡಿಕೊಂಡಿದ್ದಾಳೆ. ಮತ್ತೆ ಕಳ್ಳಿಯೇ. ಈ ಭಾನುವಾರ ನೀರಿನಡಿಯ ಗುಹೆಗೆ ಹೋಗಬೇಕು. ನೀರಲ್ಲಿ ಉಸಿರಾಡುವ ಮಂತ್ರದ ಓಲೆ ನಮ್ಮ ಕೈಗೆ ಸಿಕ್ಕಿದೆ. ಅದೂ ರಿಚುಯಲ್, ಜಾಗ ಬೇಡ. ಆದರೆ ಪುಸ್ತಕಕ್ಕೆ ಇಳಿಸಿಕೊಳ್ಳಲು ಆರು ಗಂಟೆ ಮತ್ತು ನೂರೈವತ್ತು ಚಿನ್ನದ ನಾಣ್ಯ ಬೇಕು. ನಾಣ್ಯ ಎಲ್ಲಿಂದ ತರೋದು ಅಂತ ಗ್ರೂಪಿನಲ್ಲಿ ಕೇಳಿದೆವು.

‘ಅದು ನನಗೆ ಬಿಡಿ’ ಅಂತ ಕಳ್ಳಿಯ ಉತ್ತರ ಬಂತು.