ಜೆಪಿಜಿ ಮುಖವಾಡದ ಫೈಲು

ಫೈಲು ಬಂತು. ಹೆಸರಿನ ಬಾಲದಲ್ಲಿ ಜೆಪಿಜಿ. ಗಾತ್ರ ಪುಟ್ಟದು. ಲಾಗಿನ್ ಕೂಡ ಆಗದವರು ಯಾರೋ ಎಲ್ಲಿಂದಲೋ ಒಳತಳ್ಳಿದ್ದಾರೆ. ಬಾಗಿಲಲ್ಲಿ ಬಾಲ ನೋಡಿದರು, ಬಿಟ್ಟರು. ಇನ್ನು ಕೆಲವೇ ಕ್ಷಣ, ಇಡೀ ಸರ್ವರ್ ಪರರ ಪಾಲು!

2021ರ ಮಾತು. ರಣರಂಗ ಗಿಟ್‌ಲ್ಯಾಬ್. ಸಾಫ್ಟ್‌ವೇರ್ ತಂಡಗಳು ವರ್ಷಗಟ್ಟಲೆ ಬೆವರು ಸುರಿಸಿ ಬರೆದ ಕೋಡೆಲ್ಲ ಇರುವ ಜಾಗ ಅದು. ಎಷ್ಟೋ ಸಂಸ್ಥೆಗಳು ಅದನ್ನು ತಮ್ಮದೇ ಸರ್ವರ್‌ಗಳಲ್ಲಿ ನಡೆಸುತ್ತವೆ. ಅಲ್ಲಿ ಫೋಟೊ ಏರಿಸಿದರೆ ಮೊದಲು ಅದು ಎಕ್ಸಿಫ್‌ಟೂಲ್ ಎಂಬ ಸಲಕರಣೆಯ ಕೈಗೆ ಹೋಗುತ್ತದೆ. ಫೋಟೊ ತೆಗೆದ ಊರು, ಹೊತ್ತು, ಕ್ಯಾಮೆರಾ ಹೀಗೆ ಒಳಗೆ ಅಡಗಿದ ವಿವರಗಳನ್ನು ಅದು ಅಳಿಸುತ್ತದೆ. ಜನರ ಗುಟ್ಟು ಕಾಯಲೆಂದೇ ನಿಲ್ಲಿಸಿದ ಕಾವಲು. ಕೇಡು ನುಗ್ಗಿದ್ದು ಆ ಕಾವಲಿನ ಮೂಲಕವೇ!

ಗಿಟ್‌ಲ್ಯಾಬ್ ನೋಡಿದ್ದು ಹೆಸರನ್ನು ಮಾತ್ರ. ಎಕ್ಸಿಫ್‌ಟೂಲ್ ಹೆಸರಿಗೆ ಬೆಲೆ ಕೊಡದೆ ಒಳಗಿನ ಬೈಟುಗಳನ್ನು ಓದಿತು. ಓದಿದರೆ, ಅದು ಫೋಟೊವೇ ಅಲ್ಲ. ಸ್ಕ್ಯಾನ್ ಮಾಡಿದ ಪುಸ್ತಕಗಳಿಗೆ ಬಳಸುವ ದೇಜಾವೂ ಬಗೆಯ ಕಡತ. ಅಲ್ಲಿಗೇ ತಡೆಯಬೇಕಿತ್ತು, ತಡೆಯುವವರು ಯಾರೂ ಇರಲಿಲ್ಲ. ಎಕ್ಸಿಫ್‌ಟೂಲ್ ಆ ಕಡತದ ಟಿಪ್ಪಣಿಯನ್ನು ಪರ್ಲ್ ಭಾಷೆಯ ‘ಇವ್ಯಾಲ್’ಗೆ ಒಪ್ಪಿಸಿತು. ಕೊಟ್ಟ ಅಕ್ಷರಗಳನ್ನು ಪ್ರೋಗ್ರಾಮೆಂದೇ ಓಡಿಸುವ ಆಜ್ಞೆ ಅದು. ಅಪಾಯ ಗೊತ್ತಿದ್ದೇ ಮೊದಲೊಂದು ತಪಾಸಣೆ ಇಟ್ಟಿದ್ದರು. ಬ್ಯಾಕ್‌ಸ್ಲ್ಯಾಷ್ ಆದಮೇಲೆ ಒಂದು ಹೊಸ ಸಾಲು ಬಂದರೆ ಸಾಕು, ಆ ತಪಾಸಣೆ ಲೆಕ್ಕ ತಪ್ಪುತ್ತಿತ್ತು. ಟಿಪ್ಪಣಿಯ ಸುತ್ತಲಿನ ಉದ್ಧರಣ ಚಿಹ್ನೆಯ ಬೇಲಿ ಮುರಿಯಿತು. ಟಿಪ್ಪಣಿ ಆಜ್ಞೆಯಾಯಿತು!

ಪುಣ್ಯಕ್ಕೆ ಈ ಬಿರುಕನ್ನು ಕಂಡು ತಿಳಿಸಿದವರು ಸಂಶೋಧಕ ವಿಲಿಯಂ ಬೌಲಿಂಗ್. ಏಪ್ರಿಲ್ ಮೊದಲ ವಾರ ಗಿಟ್‌ಲ್ಯಾಬ್‌ಗೆ ವರದಿ ಮುಟ್ಟಿತು. 13ರಂದು ಎಕ್ಸಿಫ್‌ಟೂಲ್ ಸರಿಹೋಯಿತು, ಮರುದಿನವೇ ಗಿಟ್‌ಲ್ಯಾಬ್ ತೇಪೆ ಬಿಟ್ಟಿತು. ಎಂಥ ಚುರುಕು! ಆ ತಂಡಗಳಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಆದರೆ ತೇಪೆ ಹಾಕಿಕೊಳ್ಳಬೇಕಾದವರು? ಲಾಗಿನ್ ಇಲ್ಲದೆಯೂ ನುಗ್ಗಬಹುದೆಂದು ತಿಳಿದು ಸೆಪ್ಟೆಂಬರಿನಲ್ಲಿ ಅಪಾಯದ ಅಂಕ 10ಕ್ಕೆ 10 ಆಯಿತು. ನವೆಂಬರಿನಲ್ಲಿ ರ್‍ಯಾಪಿಡ್7 ಸಂಸ್ಥೆ ಎಣಿಸಿ ನೋಡಿದಾಗ ಅಂತರ್ಜಾಲಕ್ಕೆ ಮೈಯೊಡ್ಡಿದ್ದ ಗಿಟ್‌ಲ್ಯಾಬ್‌ಗಳು ಸುಮಾರು 60,000. ಅವುಗಳಲ್ಲಿ ಅರ್ಧದಷ್ಟಕ್ಕೆ ಇನ್ನೂ ತೇಪೆ ಬಿದ್ದಿರಲಿಲ್ಲ. ಏಳು ತಿಂಗಳು! ಅಷ್ಟರಲ್ಲಿ ಸಾವಿರಾರು ಸರ್ವರ್‌ಗಳು ಶತ್ರುಪಾಳಯ ಸೇರಿದ್ದವು. ಅವೆಲ್ಲ ಒಟ್ಟಾಗಿ ಸೆಕೆಂಡಿಗೆ 1 ಟೆರಾಬಿಟ್‌ಗೂ ಮೀರಿದ ದಾಳಿ ಸುರಿಸುತ್ತಿವೆಯೆಂದು ಗೂಗಲ್‌ನ ಎಂಜಿನಿಯರೊಬ್ಬರು ಬಹಿರಂಗವಾಗಿಯೇ ಎಚ್ಚರಿಸಿದರು.

ವೈರಸ್ ಸ್ಕ್ಯಾನರ್ ಇತ್ತಲ್ಲ ಅನ್ನುತ್ತೀರಾ? ಅದು ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಫೋಟೊ ಇದ್ದಂತೆ. ಹೊಸ ಕಳ್ಳನ ಮುಖ ಅಲ್ಲಿರುವುದಿಲ್ಲ. ಸಾಲದ್ದಕ್ಕೆ ಸ್ಕ್ಯಾನರೂ ಫೈಲನ್ನು ಬಿಚ್ಚಲೇಬೇಕು. 2023ರ ಫೆಬ್ರವರಿಯಲ್ಲಿ ಕ್ಲ್ಯಾಮ್‌ಎವಿ ಎಂಬ ವೈರಸ್ ಸ್ಕ್ಯಾನರಿನಲ್ಲೇ ಅಂಥ ಬಿರುಕು ಸಿಕ್ಕಿತು. ಮ್ಯಾಕ್ ಡಿಸ್ಕಿನ ಎಚ್‌ಎಫ್‌ಎಸ್ ಪ್ಲಸ್ ಕಡತವನ್ನು ಪರೀಕ್ಷಿಸಲು ಹೋದರೆ ಪರೀಕ್ಷಕನೇ ಸೆರೆಯಾಗಬಹುದಿತ್ತು. ಅಪಾಯದ ಅಂಕ 9.8.

ಹಾಗೆಂದು ಸ್ಕ್ಯಾನರ್ ಕಿತ್ತೆಸೆಯಬೇಡಿ. ಹಳೆಯ ವೈರಸ್‌ಗಳು ಇವತ್ತಿಗೂ ಓಡಾಡುತ್ತಿವೆ, ಅವನ್ನು ಹಿಡಿಯಲು ಅದು ಬೇಕೇ ಬೇಕು. ಅದನ್ನು ನೆಟ್‌ವರ್ಕ್ ಇಲ್ಲದ, ಅಧಿಕಾರವಿಲ್ಲದ ಒಂಟಿಕೋಣೆಯಲ್ಲಿ ಓಡಿಸಿ. ಹೆಸರೂ ಒಳಗಿನ ಬೈಟೂ ಒಂದೇ ಕಥೆ ಹೇಳದಿದ್ದರೆ ಆ ಫೈಲನ್ನು ಯಾವ ಸಲಕರಣೆಯ ಕೈಗೂ ಕೊಡದೆ ಆಚೆ ಹಾಕಿ. ಅಪ್‌ಲೋಡ್ ಬಾಗಿಲು ತೆರೆದಿಟ್ಟ ಪ್ರತಿಯೊಬ್ಬರಲ್ಲೂ ನನ್ನದು ಒಂದೇ ಬೇಡಿಕೆ: ನಿಮ್ಮ ಫೈಲುಗಳನ್ನು ಬಿಚ್ಚುವ ಸಲಕರಣೆಗಳು ಯಾವುವು, ಅವುಗಳಿಗೆ ಕೊನೆಯ ಅಪ್‌ಡೇಟ್ ಆದದ್ದು ಯಾವಾಗ, ಇವತ್ತೇ ನೋಡಿ.